ಸ್ಪ್ಯಾನಿಶ್‌ನಲ್ಲಿ ಊಟ ಆಗೇತ್ರಿ

ಮನುಷ್ಯನ ಬುದ್ಧಿಗೆ ಎಟುಕದ ತತ್ವಗಳಲ್ಲಿ ಕಾಲತತ್ವವೇ ಅತ್ಯಂತ ಗಹನವಾದದ್ದು. ಭೂತ ಎಲ್ಲಿ ಮುಗಿಯುತ್ತದೆ, ವರ್ತಮಾನ ಎಲ್ಲಿ ಹುಟ್ಟುತ್ತದೆ, ಮುಗಿದದ್ದು ನಿಜವಾಗಿ ಮುಗಿದಿದೆಯೇ ಎಂಬ ಪ್ರಶ್ನೆಗಳನ್ನು ಹಿಡಿದುಕೊಂಡು ಹಿಂದಿನವರು ಗವಿಗಳಲ್ಲಿ ಕೂತು ಗಡ್ಡ ಬೆಳೆಸಿದ್ದಾರೆ. ನನಗೆ ಗಡ್ಡ ಬೆಳೆಸುವಷ್ಟು ಪುರುಸೊತ್ತಿರಲಿಲ್ಲ. ನಾನು ಈ ಪ್ರಶ್ನೆಯನ್ನು ಬಗೆಹರಿಸಿಕೊಳ್ಳಬೇಕಾಗಿ ಬಂದದ್ದು ಇಂಡಿ ಊರಿನ ಲಿಂಬೆಕಾಯಿಯ ಉಪ್ಪಿನಕಾಯಿಗಾಗಿ, ಅದೂ ಸ್ಪ್ಯಾನಿಶ್ ಭಾಷೆಯಲ್ಲಿ, ಅದೂ ಎರಡೇ ತಿಂಗಳೊಳಗೆ.

ಸಿಂದಗಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ವ್ಯಾಕರಣ ಕಲಿಸಿ ನಿವೃತ್ತನಾದವನು ನಾನು. ಕಲಿಸಿದೆ ಎನ್ನುವುದಕ್ಕಿಂತ ಹೇಳಿದೆ ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ. ನಿವೃತ್ತನಾದ ಫೌಜದಾರನಿಗೂ ವ್ಯಾಕರಣದ ಮಾಸ್ತರನಿಗೂ ಕಷ್ಟ ಒಂದೇ: ತಪ್ಪು ಮಾಡುವವರು ಕಣ್ಣೆದುರಿಗೇ ಓಡಾಡುತ್ತಿರುತ್ತಾರೆ, ಹಿಡಿಯುವ ಅಧಿಕಾರ ಮಾತ್ರ ಹೋಗಿರುತ್ತದೆ. ಹೀಗಾಗಿ ನಾನು ಆಗಾಗ ಬಸ್ಸು ಹತ್ತಿ ಇಂಡಿಗೆ ಹೋಗಿ ರಾಜೇಸಾಬರ ಲಿಂಬೆಯ ಅಂಗಡಿಯಲ್ಲಿ ಕೂತು ಬರುತ್ತೇನೆ. ರಾಜೇಸಾಬರು ನನ್ನ ಬಾಲ್ಯದ ಗೆಳೆಯರು. ಅವರ ಅಜ್ಜನ ಕಾಲದಿಂದಲೂ ಲಿಂಬೆಯದೇ ವ್ಯಾಪಾರ; ಅಂಗಡಿಗೆ ಹತ್ತಿಕೊಂಡೇ ತೋಟ. ಅಲ್ಲಿ ಹಣ್ಣಿನ ವಾಸನೆ ಇರುತ್ತದೆ, ಚಹಾ ಇರುತ್ತದೆ, ಮತ್ತು ನನ್ನ ಮಾತನ್ನು ನಡುವೆ ತಡೆಯುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ರಾಜೇಸಾಬರ ಮಗಳು ರಿಜವಾನಾ ಕೃಷಿ ಕಾಲೇಜಿನಲ್ಲಿ ಓದಿ ಬಂದವಳು, ಅಂಗಡಿಯ ಹಿಂದಿನ ಷೆಡ್ಡಿನಲ್ಲಿ ಉಪ್ಪಿನಕಾಯಿ ಹಾಕುವ ಕೆಲಸ ಶುರುಮಾಡಿದ್ದಳು. ಫೋನಿನಲ್ಲಿ ಅಲ್ಲಿ ಇಲ್ಲಿ ಬರೆದು, ಸ್ಪೇನ್ ದೇಶದಲ್ಲಿ ಇಂಥ ಪದಾರ್ಥ ತರಿಸಿ ಮಾರುವ ಪಿಲಾರ್ ಎಂಬ ಹೆಂಗಸಿನ ಪರಿಚಯ ಮಾಡಿಕೊಂಡಿದ್ದಳು. ಆ ಪಿಲಾರ್ ಹಂಪಿ ನೋಡಲು ಬರುವವಳಿದ್ದಳು; ಹಾಗೇ ಒಂದು ದಿನ ಇಂಡಿಗೂ ಬಂದು ರುಚಿ ನೋಡಿ ಹೋಗುತ್ತೇನೆ ಎಂದಿದ್ದಳು. ರಾಜೇಸಾಬರಿಗೆ ಮಗಳ ಮೇಲೆ ಪ್ರೀತಿ ಇತ್ತು, ಷೆಡ್ಡಿನ ಮೇಲೆ ಅದಕ್ಕಿಂತ ಸ್ವಲ್ಪ ಹೆಚ್ಚು ಇತ್ತು.

"ನೋಡವಾ, ಆ ಸ್ಪೇನಿನ ಬಾಯಾರು ಒಂದ ಬಾಟ್ಲಿ ಪಾಸ್ ಅಂದ್ರೂ ಸಾಕು, ಷೆಡ್ ನಿಂದು," ಎಂದರು ನನ್ನೆದುರಿಗೇ. "ಒಂದೂ ಪಾಸಾಗ್ಲಿಲ್ಲಂದ್ರ ನಿನ್ನ ಭರಣಿ ಎಲ್ಲಾ ಹೊರಗ, ನನ್ನ ತೊಗರಿ ಚೀಲ ಒಳಗ. ಆಮ್ಯಾಲ ಅಳಬ್ಯಾಡ."

"ಅಳಾಕ ನನಗ ಟೈಮ್ ಎಲ್ಲೈತೆಪ್ಪಾ," ಎಂದಳು ರಿಜವಾನಾ, ಲಿಂಬೆ ಹೆಚ್ಚುತ್ತಲೇ. "ಆಕಿಗೆ ಇಂಗ್ಲಿಷ್ ಬರಂಗಿಲ್ಲ, ಅದ ಚಿಂತಿ."

ಈ ಹಂತದಲ್ಲಿ ಸುಮ್ಮನಿರುವುದು ಯಾವ ಬುದ್ಧಿವಂತನಿಗೂ ಸಾಧ್ಯವಿತ್ತು. ನಾನು ಗಂಟಲು ಸರಿಮಾಡಿಕೊಂಡೆ. "ಭಾಷಾ ಅಂದ್ರ ಏನ್ ಮಹಾ? ಕ್ರಿಯಾಪದ ಹಿಡದ್ರ ಭಾಷಾ ಹಿಡದಂಗ. ಎರಡು ತಿಂಗಳ ಸಾಕು," ಎಂದೆ. ಇದನ್ನು ನಾನು ತತ್ವವಾಗಿ ಹೇಳಿದ್ದೆ. ರಾಜೇಸಾಬರು ವ್ಯಾಪಾರಿ, ಕರಾರಾಗಿ ತೆಗೆದುಕೊಂಡರು. "ಹಂಗಾರ ಕಲೀರಿ ಮಾಸ್ತರ. ಆವತ್ತ ನಮ್ಮ ಕಡಿಂದ ಮಾತಾಡೋರು ನೀವ," ಎಂದರು. ಫೋನೇ ಭಾಷಾಂತರ ಮಾಡುತ್ತದೆ ಎಂದು ರಿಜವಾನಾ ಹೇಳಿ ನೋಡಿದಳು. ರಾಜೇಸಾಬರು ಫೋನಿನ ಎದುರು ಕೂತು ತಮ್ಮ ಖಾಸಾ ಕನ್ನಡದಲ್ಲಿ ಒಂದು ದೀರ್ಘ ಸ್ವಾಗತ ಭಾಷಣ ಮಾಡಿದರು. ಫೋನು ಒಂದು ಸಣ್ಣ ಚಕ್ರವನ್ನು ತಿರುಗಿಸಿ ತಿರುಗಿಸಿ ಕೊನೆಗೆ ಕೈಚೆಲ್ಲಿತು. ನನ್ನ ನೇಮಕಾತಿ ಖಾಯಂ ಆಯಿತು.

ವಿಜಯಪುರದ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಸ್ಪ್ಯಾನಿಶ್ ವ್ಯಾಕರಣ ಸಿಕ್ಕಿತು. ಮೊದಲು ವರ್ತಮಾನಕಾಲ. ಸ್ಪ್ಯಾನಿಶ್ ಕ್ರಿಯಾಪದಗಳು ವರ್ತಮಾನದಲ್ಲಿ ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ. ಒಬ್ಬರಿಗೆ ಮಾಡಿದ ಮರ್ಯಾದೆ ಇನ್ನೊಬ್ಬರಿಗೆ ನಡೆಯುವುದಿಲ್ಲ. ಅದನ್ನು ಬಿಟ್ಟು ಭೂತಕಾಲಕ್ಕೆ ಹೋದರೆ ಭೂತವೇ ಎರಡು: ಒಂದು ಮುಗಿದು ಹೋದದ್ದು, ಇನ್ನೊಂದು ನಡೆಯುತ್ತಲೇ ಇದ್ದದ್ದು. ನಾಲ್ಕು ವಾರ ಕಳೆದರೂ ನನ್ನ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ಆಗ ಪುಟ ತಿರುವಿದಾಗ ಪೂರ್ಣವರ್ತಮಾನ ಸಿಕ್ಕಿತು. ಬಿಸಿಲಲ್ಲಿ ನಡೆದವನಿಗೆ ಬೇವಿನ ಮರ ಸಿಕ್ಕಂತಾಯಿತು.

ಈ ಕಾಲದ ಸೊಬಗನ್ನು ಓದುಗರಿಗೆ ಹೇಳದೆ ಮುಂದೆ ಹೋಗಲಾರೆ. ಇದಕ್ಕೆ ಬೇಕಾದದ್ದು ಒಂದು ಸಹಾಯಕ ಕ್ರಿಯಾಪದ: ಎ, ಅಸ್, ಆ, ಎಮೊಸ್, ಅಬೇಯಿಸ್, ಆನ್. ನಾನು, ನೀನು, ಅವನು, ನಾವು, ನೀವು, ಅವರು, ಎಲ್ಲರೂ ಇಷ್ಟರಲ್ಲೇ ಮುಗಿದರು. ಬರೆಯುವಾಗ ಎಲ್ಲದರ ಮುಂದೆ ಒಂದು ಹಕಾರ ಉಂಟು, ಓದುವಾಗ ಅದನ್ನು ನುಂಗಬೇಕು. ಆಮೇಲೆ ಮುಖ್ಯ ಕ್ರಿಯಾಪದದ ಬಾಲ ಕತ್ತರಿಸಿ 'ಆದೊ' ಅಥವಾ 'ಇದೊ' ಅಂಟಿಸಿದರೆ ಆಯಿತು. ಕೊಮೆರ್ ಎಂದರೆ ಉಣ್ಣುವುದು. ಎ ಕೊಮಿದೊ ಎಂದರೆ ನಾನು ಉಂಡಿದ್ದೇನೆ. ಅವನು ಉಂಡರೂ, ಅವಳು ಉಂಡರೂ, ಊರಿಗೆ ಊರೇ ಉಂಡರೂ ಕೊಮಿದೊ ಕದಲುವುದಿಲ್ಲ, ಓಡಾಡುವುದೆಲ್ಲ ಸಹಾಯಕನೇ. ಸಾಹೇಬರು ಕುರ್ಚಿ ಬಿಡುವುದಿಲ್ಲ, ಜವಾನ ತಿರುಗುತ್ತಾನೆ. ಇವರಿಬ್ಬರ ನಡುವೆ ಮೂರನೆಯವರು ತೂರುವಂತಿಲ್ಲ. ಇಲ್ಲ ಎನ್ನುವ 'ನೊ' ಕೂಡ ಹೊಸ್ತಿಲ ಹೊರಗೇ ನಿಲ್ಲಬೇಕು: ನೊ ಎ ಕೊಮಿದೊ, ನಾನು ಉಂಡಿಲ್ಲ. ಮಾಡಿದ್ದು, ಹೇಳಿದ್ದು, ಬರೆದದ್ದು, ಮುರಿದದ್ದು ಹೀಗೆ ಕೆಲವು ಮಾತ್ರ ನಿಯಮಕ್ಕೆ ಬಗ್ಗುವುದಿಲ್ಲ: ಎಚೊ, ದಿಚೊ, ಎಸ್ಕ್ರೀತೊ, ರೋತೊ. ಮಾಡುವವರು, ಹೇಳುವವರು, ಬರೆಯುವವರು, ಮುರಿಯುವವರು ಎಲ್ಲ ದೇಶದಲ್ಲೂ ನಿಯಮ ಮೀರುತ್ತಾರೆ ಎಂದುಕೊಂಡು ಅವನ್ನು ಕ್ಷಮಿಸಿದೆ.

ಇದನ್ನು ಬಳಸುವುದು ಯಾವಾಗ? ಪುಸ್ತಕ ಹೇಳಿತು: ಸ್ಪೇನಿನಲ್ಲಿ ಇವತ್ತು ಆದದ್ದಕ್ಕೆ, ಈ ವಾರ ಆದದ್ದಕ್ಕೆ, ಇನ್ನೂ ಮುಗಿಯದ ಯಾವುದೇ ಅವಧಿಯಲ್ಲಿ ಆದದ್ದಕ್ಕೆ. ಬೆಳಿಗ್ಗೆ ಕುಡಿದ ಚಹಾ ಸಂಜೆಯವರೆಗೂ ವರ್ತಮಾನದ್ದೇ. ನಿನ್ನೆಯ ಚಹಾ ಮಾತ್ರ ಭೂತ. ಇದನ್ನು ಓದಿ ನಾನು ಒಂದು ಧೀರ ನಿರ್ಧಾರ ಮಾಡಿದೆ. ಪಿಲಾರ್ ಇಲ್ಲಿರುವುದು ಒಂದೇ ದಿನ. ಆ ದಿನ ನಡೆಯುವುದೆಲ್ಲ ಆ ದಿನವೇ ನಡೆಯುತ್ತದೆ. ಆದ್ದರಿಂದ ಒಂದೇ ಕಾಲ ಸಾಕು. ಉಳಿದ ಕಾಲಗಳನ್ನೆಲ್ಲ ಸ್ಪೇನಿನವರಿಗೇ ಬಿಟ್ಟುಕೊಟ್ಟೆ.

ಸಾಧನೆಗೆ ಸಿಕ್ಕವಳು ನನ್ನ ಹೆಂಡತಿ ನೀಲವ್ವ. ನಳ ಬಂತೇ ಎಂದು ಕೇಳಿದರೆ "ಆ ವೆನಿದೊ" ಎನ್ನುತ್ತಿದ್ದೆ, ಬಂದಿದೆ ಎಂದರ್ಥ. ಕಾಯಿಪಲ್ಯ ತಂದಿರೇನು ಎಂದರೆ "ತೊದಾವಿಯಾ ನೊ" ಎನ್ನುತ್ತಿದ್ದೆ. ಇನ್ನೂ ಇಲ್ಲ ಎಂದರ್ಥ.

"ಅಲ್ರೀ, ನಲವತ್ತ ವರ್ಷದಿಂದ ನೀವು 'ಇನ್ನೂ ಇಲ್ಲ' ಅನ್ನೂದನ್ನ ಕನ್ನಡದಾಗ ಕೇಳೇನಿ," ಎಂದಳು ನೀಲವ್ವ. "ಈಗ ಅದನ್ನ ಮತ್ತ ಬ್ಯಾರೆ ಭಾಷಾದಾಗ ಕೇಳಬೇಕೇನು?"

ಇಲ್ಲಿ ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ಈ ಪೂರ್ಣವರ್ತಮಾನ ನಮಗೆ ಹೊಸದಲ್ಲ. ನಮ್ಮ ಬದುಕು ನಡೆಯುವುದೇ ಅದರ ಮೇಲೆ. ಟೇಲರನ ಹತ್ತಿರ ಹೋದರೆ "ಆಗೇತ್ರಿ, ಕಾಜಾ ಅಷ್ಟ ಬಾಕಿ" ಎನ್ನುತ್ತಾನೆ. ಬಟ್ಟೆಗೆ ಇನ್ನೂ ಕತ್ತರಿ ತಾಗಿರುವುದಿಲ್ಲ. ಫೋನು ಮಾಡಿದರೆ "ಬಾಗೇವಾಡಿ ದಾಟೇನಿ" ಎನ್ನುವವನು ಮುದ್ದೇಬಿಹಾಳದ ತನ್ನ ಮನೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಾನೆ. ಯಾರೂ ಇದನ್ನು ಸುಳ್ಳು ಎನ್ನುವುದಿಲ್ಲ. ಎದುರಿನವನ ಮನಸ್ಸಿಗೆ ನೋವಾಗದಿರಲೆಂದು ಮಾಡುವ ಉಪಚಾರ ಅದು. ಇದರ ಶಿಖರವೆಂದರೆ ಊಟ. ಊಟ ಆತೇನ್ರಿ ಎಂದು ಕೇಳಿದರೆ ಹಸಿದು ಸಾಯುತ್ತಿದ್ದರೂ "ಆಗೇತ್ರಿ" ಎನ್ನಬೇಕು. ಎರಡನೆಯ ಸಲ ಕೇಳಿದರೆ "ಇಲ್ರೀ, ಖರೇನ ಆಗೇತಿ" ಎನ್ನಬೇಕು. ಮೂರನೆಯ ಸಲ ರಟ್ಟೆ ಹಿಡಿದು ಎಳೆದರೆ "ನೀವು ಕೇಳೋರಲ್ಲ ಬಿಡ್ರಿ" ಎಂದು ಬೇಸರ ತೋರಿಸುತ್ತ ಕೂತು ಆರು ರೊಟ್ಟಿ ಉಣ್ಣಬೇಕು. ಮೊದಲನೆಯದಕ್ಕೇ ಹೌದು ಎಂದವನು ಹೊಟ್ಟೆಬಾಕ. ಮೂರನೆಯ ಸಲ ಕೇಳದವನು ಜಿಪುಣ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕುಗಳಲ್ಲಿ ಊಟ ಆಗಿದೆ ಎಂಬ ಮಾತನ್ನು ಅದರ ಅರ್ಥದಲ್ಲಿ ಬಳಸಿದವರನ್ನು ನಾನು ಕಂಡಿಲ್ಲ.

ದಿನ ಬಂತು. ಪಿಲಾರ್ ಬಾಡಿಗೆ ಕಾರಿನಲ್ಲಿ ಹೊಸಪೇಟೆಯಿಂದ ಹೊರಟು ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಹಾಯ್ದು ಇಂಡಿ ಮುಟ್ಟಬೇಕು. ಸಂಜೆ ಅಲ್ಲಿಂದ ಸೊಲ್ಲಾಪುರಕ್ಕೆ ಹೋಗಿ ರೈಲು ಹಿಡಿಯಬೇಕು. ದಾರಿ ನಾವು ಹಾಕಿದ್ದು. ಯಾಕೆಂದರೆ ಮುದ್ದೇಬಿಹಾಳದಲ್ಲಿ ರಾಜೇಸಾಬರ ಅಕ್ಕ ಹಸೀನಾಬಿ ಇದ್ದರು, ಬಾಗೇವಾಡಿಯಲ್ಲಿ ನೀಲವ್ವನ ತಮ್ಮ ಚನ್ನಪ್ಪ ಇದ್ದ, ಸಿಂದಗಿಯಲ್ಲಿ ನಾವೇ ಇದ್ದೆವು. ಪರದೇಶದ ಅತಿಥಿಯನ್ನು ಮನೆಮುಂದೆ ಹಾಯಿಸಿ ಒಳಗೆ ಕರೆಯದಿದ್ದರೆ ಹೇಗೆ? ಮುದ್ದೇಬಿಹಾಳದಿಂದಲೇ ದುಭಾಷಿ ಜೊತೆಗಿರಬೇಕೆಂದು ನಾನು ನಸುಕಿನ ಬಸ್ಸಿಗೆ ಹೊರಟೆ. ನೀಲವ್ವ ಉಪ್ಪಿಟ್ಟು ಮಾಡುತ್ತೇನೆ ಎಂದಳು. ಮುಂದೆ ಮೂರು ಮನೆಯ ಉಪಚಾರ ಕಾದಿರುವಾಗ ಉಪ್ಪಿಟ್ಟಿನಿಂದ ಹೊಟ್ಟೆ ಕೆಡಿಸಿಕೊಳ್ಳುವುದು ಅವಿವೇಕ ಎಂದು ಬಗೆದು ಬರೀ ಚಹಾ ಕುಡಿದು ಹೋದೆ.

ಪಿಲಾರ್ ಐವತ್ತರ ಆಸುಪಾಸಿನ ಹೆಂಗಸು. ಅಗಲವಾದ ಟೋಪಿ, ದೊಡ್ಡ ಹೆಜ್ಜೆ, ದೊಡ್ಡ ನಗು. ರುಚಿ ನೋಡಲೆಂದು ಸಣ್ಣ ಸಣ್ಣ ಮರದ ಚಮಚೆಗಳ ಡಬ್ಬಿಯನ್ನು ಹೆಗಲಚೀಲದಲ್ಲಿ ಇಟ್ಟುಕೊಂಡಿದ್ದಳು. ಹಸೀನಾಬಿ ಅಂಗಳದಲ್ಲೇ ನನ್ನನ್ನು ತಿವಿದರು: "ಮಾಸ್ತರ, ಮದ್ಲ ಕೇಳ್ರಿ, ಉಂಡಾರೇನಂತ."

ನಾನು ಎದೆಯುಬ್ಬಿಸಿ ಕೇಳಿದೆ. "ಆ ಕೊಮಿದೊ ಉಸ್ತೆದ್?" ತಾವು ಉಂಡಿದ್ದೀರಾ?

"ಸೀ, ಎ ದೆಸಾಯುನಾದೊ," ಎಂದಳು ಆಕೆ ತಡಮಾಡದೆ. ಹೌದು, ನಾಷ್ಟಾ ಆಗಿದೆ ಎಂದರ್ಥ. ಕ್ರಿಯಾಪದ ಬೇರೆ, ಆದರೆ ಸಹಾಯಕವೂ ನಿಯಮದಂತೆ, ಬಾಲವೂ ನಿಯಮದಂತೆ! ಪುಸ್ತಕದಲ್ಲಿದ್ದದ್ದು ನಿಜವಾದ ಮನುಷ್ಯರ ಬಾಯಲ್ಲೂ ಇದೆ ಎಂದು ತಿಳಿದು ನನಗೆ ಕಣ್ಣು ಮಂಜಾಯಿತು. "ಆಗೇತಂತ್ರಿ," ಎಂದೆ.

"ಹಂಗ ಅಂತಾರ್ರಿ ಎಲ್ಲಾರೂ. ಬರ್ರಿ ಒಳಗ," ಎಂದರು ಹಸೀನಾಬಿ. ಒಳಗೆ ಸೂಸಲ, ಖೀಮಾ, ರೊಟ್ಟಿ, ಶಾವಿಗೆಯ ಖೀರು. ಪಿಲಾರ್ ಎರಡೂ ಕೈ ಎತ್ತಿ "ಯಾ ಎ ದೆಸಾಯುನಾದೊ!" ಎಂದಳು. ಯಾ ಎಂದರೆ ಆಗಲೇ. ಆ 'ಯಾ' ಎಷ್ಟು ಸರಿಯಾದ ಜಾಗದಲ್ಲಿ ಬಿತ್ತು ಎಂದು ನಾನು ತಲೆದೂಗುತ್ತಿದ್ದೆ. ಹಸೀನಾಬಿಯವರು ಅದನ್ನು ಎರಡನೆಯ ನಿರಾಕರಣೆ ಎಂದು ಲೆಕ್ಕ ಹಿಡಿದು, ಮೂರನೆಯದಕ್ಕೆ ಕಾಯದೆ ರಟ್ಟೆ ಹಿಡಿದು ಕೂರಿಸಿದರು. ಆಕೆಯ ಕಾರಿನ ಡ್ರೈವರ್ ಹೊಸಪೇಟೆಯವನು. ಯಾರೂ ಕೇಳುವ ಮೊದಲೇ ಕೈ ತೊಳೆದು ಕೂತಿದ್ದ. ಹಸೀನಾಬಿ ಖೀರು ಬಡಿಸುತ್ತ ನನ್ನ ಕಡೆ ತಿರುಗಿ "ಮಾಸ್ತರ, ನಿಮ್ದು ಊಟ ಆತ?" ಎಂದರು. ನಾನು ಪದ್ಧತಿಯಂತೆ "ಆಗೇತ್ರಿ" ಎಂದು ಹೇಳಿ ಎರಡನೆಯ ಪ್ರಶ್ನೆಗೆ ಕಾದೆ. ಅಷ್ಟರಲ್ಲಿ ಪಿಲಾರ್ ತಟ್ಟೆಗೆ ಅಡ್ಡ ಕೈ ಹಿಡಿದಳು. ಹಸೀನಾಬಿ ಯುದ್ಧಕ್ಕೆ ಆ ಕಡೆ ತಿರುಗಿದವರು ಮತ್ತೆ ಈ ಕಡೆ ತಿರುಗಲಿಲ್ಲ.

ಬಾಗೇವಾಡಿಯಲ್ಲಿ ಚನ್ನಪ್ಪ ಸಿಮೆಂಟಿನ ಅಂಗಡಿಗೆ ರಜೆ ಹಾಕಿ ಹೋಳಿಗೆ ಮಾಡಿಸಿದ್ದ. ಪಿಲಾರ್ ಈ ಸಲ ನಾನು ಕೇಳುವ ಮೊದಲೇ, ಬಾಗಿಲಲ್ಲೇ, "ಎ ಕೊಮಿದೊ. ಎ ಕೊಮಿದೊ ಮೂಚೊ" ಎಂದಳು. ಬಹಳ ಉಂಡಿದ್ದೇನೆ. ನಾನು ಅಕ್ಷರವೂ ತಪ್ಪದೆ ಭಾಷಾಂತರಿಸಿದೆ.

"ಮಾಮಾ, ಅದು ಮಾತಿಗೆ ಅಂದದ್ದು," ಎಂದ ಚನ್ನಪ್ಪ. "ಬಾಗೇವಾಡಿಗೆ ಬಂದು ಈ ತಾಯಿ ಉಪವಾಸ ಹೋದ್ರ ನಾಳೆ ನಾವು ಓಣ್ಯಾಗ ಮಾರಿ ತೋರ್ಸೂದು ಹ್ಯಾಂಗ? ಏ, ತುಪ್ಪ ತರ್ರಿ!"

"ಆಕಿ ಖರೇನ ಅನ್ನಾಕತ್ತಾಳೋ ಚನ್ನಪ್ಪ," ಎಂದೆ.

"ನಾವೂ ಖರೇನ ಬಡಸಾಕತ್ತೇವಿ," ಎಂದ ಅವನು. ಮೇಲೆ ನನಗೆ, "ಮಾಮಾ, ನಿಮ್ದು?"

"ಆಗೇತಪ್ಪಾ," ಎಂದೆ, ಮೊದಲಿಗಿಂತ ಬಹಳ ಸಣ್ಣ ದನಿಯಲ್ಲಿ, ಸುಳ್ಳೆಂದು ಗೊತ್ತಾಗಲಿ ಎಂಬಂತೆ.

"ಆಗಿರ್ತೈತಿ ಬಿಡ್ರಿ. ಹಸೀನಾಬಿ ಅವರು ಯಾರನ್ನರ ಹಂಗ ಬಿಟ್ಟಾರೇನು!" ಎಂದು ಚನ್ನಪ್ಪ ತುಪ್ಪದ ಗಿಂಡಿ ಹಿಡಿದು ಅತಿಥಿಯ ಕಡೆ ನಡೆದ. ಹಸೀನಾಬಿಯವರ ಕೀರ್ತಿ ಇಷ್ಟು ದೂರ ಹಬ್ಬಿದೆ ಎಂದು ನನಗೆ ತಿಳಿದಿರಲಿಲ್ಲ.

ಸಿಂದಗಿಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು, ನನ್ನ ಹೊಟ್ಟೆಯಲ್ಲಿ ಗಿರಣಿ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಎಣ್ಣೆಗಾಯಿ, ಜುಣಕ, ಸಜ್ಜೆರೊಟ್ಟಿ, ಮಾದಲಿ. ಪಿಲಾರ್ ತಟ್ಟೆಯನ್ನು ನೋಡಿದ ನೋಟವನ್ನು ನಾನು ಪರೀಕ್ಷಾ ಕೊಠಡಿಗಳಲ್ಲಿ ಕಂಡಿದ್ದೇನೆ. "ಎ ಕೊಮಿದೊ" ಎಂದಳು, ಪಿಸುಮಾತಿನಲ್ಲಿ.

"ಏನಂತಾರ?" ಎಂದಳು ನೀಲವ್ವ.

"ಉಂಡೇನಿ ಅಂತಾಳ."

"ಪಾಪ, ಎಷ್ಟ ಸಂಕೋಚ ನೋಡ್ರಿ. ನಮ್ಮವರಂಗ ಅದಾರ," ಎಂದು ನೀಲವ್ವ ಮಾದಲಿಯ ಮೇಲೆ ಹಾಲು ಸುರಿದಳು. ನಾನು ನನ್ನದೇ ಮನೆಯೆಂಬ ಧೈರ್ಯದಿಂದ ಅಡಿಗೆಮನೆಯ ಕಡೆ ಹೆಜ್ಜೆ ಹಾಕಿದೆ. ಆಕೆ ಸೌಟು ಹಿಡಿದೇ ಅಡ್ಡ ನಿಂತಳು. "ಚನ್ನಪ್ಪನ ಫೋನ್ ಬಂದಿತ್ತು, ಹೋಳಿಗಿ ಮಾಡಿಸಿದ್ನಂತ. ಎಷ್ಟ ಉಂಡ್ರಿ?"

ಇದು ಸುಲಭದ ಪ್ರಶ್ನೆಯಲ್ಲ. ಉಂಡಿಲ್ಲ ಎಂದರೆ ಅವಳ ತಮ್ಮ ಭಾವನನ್ನು ಉಪವಾಸ ಕಳಿಸಿದ ಎಂದಾಗುತ್ತದೆ. ಆ ಮಾತು ಬಾಗೇವಾಡಿ ಮುಟ್ಟಿ ತಿರುಗಿ ಬಂದು ಎಷ್ಟು ವರ್ಷ ನಮ್ಮ ಮನೆಯಲ್ಲಿ ವಾಸವಾಗುತ್ತದೋ ಹೇಳಲಾಗದು. "ಎರಡು" ಎಂದೆ.

"ಎರಡ? ನಾಕ ಉಂಡಿರ್ತೀರಿ. ಸಕ್ಕರಿ ಕಾಯಿಲೆ ಇಟಗೊಂಡು! ಈಗ ಏನೂ ಬ್ಯಾಡ," ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಳು. ಅದನ್ನು ಸಾವಕಾಶ ಅಗಿದು ಕುಡಿದೆ.

ಇಂಡಿಗೆ ನೀಲವ್ವನೂ ಕಾರು ಹತ್ತಿದಳು. ಪಿಲಾರ್ ಕಿಟಕಿಗೆ ತಲೆ ಆನಿಸಿ, ತೊಗರಿಯ ಹೊಲಗಳನ್ನು ನೋಡುತ್ತ, ಏನನ್ನೋ ಗಾಢವಾಗಿ ಯೋಚಿಸುತ್ತಿದ್ದಳು. ಆಕೆ ಯೋಚಿಸುತ್ತಿದ್ದದ್ದು ಏನು ಎಂಬುದು ಅಂಗಡಿಯ ಮುಂದೆ ಇಳಿದಾಗ ತಿಳಿಯಿತು. ರಾಜೇಸಾಬರು ಹೊಸ ಟೋಪಿ ಹಾಕಿ ನಿಂತಿದ್ದರು, ಪಕ್ಕದಲ್ಲಿ ರಿಜವಾನಾ. ಒಳಗೆ ಚಾಪೆ ಹಾಸಿ ಬಿರಿಯಾನಿಯ ಹಂಡೆ ಇಟ್ಟಿತ್ತು; ಅದರಾಚೆ ಷೆಡ್ಡಿನ ಮೇಜಿನ ಮೇಲೆ ಐದು ಬಾಟಲಿ ಉಪ್ಪಿನಕಾಯಿ ಸಾಲಾಗಿ ನಿಂತಿತ್ತು. "ಕೇಳ್ರಿ ಮಾಸ್ತರ," ಎಂದರು ರಾಜೇಸಾಬರು. ಕೇಳಿದೆ.

ಪಿಲಾರ್ ನೆಟ್ಟಗೆ ನಿಂತಳು. ಹೌದು ಎಂದಲ್ಲೆಲ್ಲ ಬಡಿಸಿದ್ದರು. ಆದ್ದರಿಂದ ಈ ಸೀಮೆಯಲ್ಲಿ ತಪ್ಪಿಸಿಕೊಳ್ಳಬೇಕಾದರೆ ತದ್ವಿರುದ್ಧ ಹೇಳಬೇಕು ಎಂದು ಆಕೆ ತರ್ಕ ಮಾಡಿಕೊಂಡಿದ್ದಳು. "ನೊ," ಎಂದಳು ಸ್ಪಷ್ಟವಾಗಿ. "ನಾದಾ! ನೊ ಎ ಕೊಮಿದೊ." ನಾದಾ ಎಂದರೆ ಏನೂ ಇಲ್ಲ. ಕೈಯನ್ನು ಅಡ್ಡಡ್ಡ ಬೀಸಿ ತೋರಿಸಿದಳು. ಅದಕ್ಕೆ ದುಭಾಷಿ ಬೇಕಾಗಿರಲಿಲ್ಲ.

ನಾಲ್ಕು ತಾಲೂಕಿನ ಇತಿಹಾಸದಲ್ಲಿ ಮೊದಲ ಪ್ರಶ್ನೆಗೇ ಉಂಡಿಲ್ಲ ಎಂದ ಅತಿಥಿ ಬಹುಶಃ ಆಕೆಯೇ ಮೊದಲು.

"ಮಾಸ್ತರ!" ಎಂದರು ರಾಜೇಸಾಬರು, ಮುಖ ಕೆಂಪಾಗಿ. "ಹೆಣ್ಮಗಳನ್ನ ಮುದ್ದೇಬಿಹಾಳದಿಂದ ಇಲ್ಲೀತನಕ ಉಪಾಸ ಕರಕೊಂಡ ಬಂದಿರೇನ್ರಿ? ನಮ್ಮಕ್ಕ ಏನ್ ಮಾಡಾಕತ್ತಿದ್ಲು? ಏ, ದೊಡ್ಡ ತಾಟ ತರ್ರೋ!"

ನೀಲವ್ವ ನನ್ನ ಕಿವಿಯ ಹತ್ತಿರ ಬಂದಳು. "ಹಂಗಾರ ನಮ್ಮ ಮನ್ಯಾಗ ಉಂಡದ್ದು ಊಟ ಅಲ್ಲೇನು? ನಸುಕಿನ್ಯಾಗ ಎದ್ದು ಮಾದಲಿ ಕುಟ್ಟೇನಿ."

ಅಷ್ಟರಲ್ಲಿ ಪಿಲಾರಳ ಮುಂದೆ ಬಿರಿಯಾನಿಯ ಗುಡ್ಡ ಬಂದಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಷೆಡ್ಡಿನ ಐದು ಬಾಟಲಿಗಳನ್ನು ನೋಡಿದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. "ನೊ ಪ್ವೇದೊ" ಎಂದಳು. ಇದು ವರ್ತಮಾನಕಾಲ, ನಾನು ಬಿಟ್ಟ ಪಾಠ. ಆದರೂ ಅರ್ಥವಾಯಿತು: ನನ್ನಿಂದ ಆಗದು. ರಿಜವಾನಾಳ ಮುಖದ ಬಣ್ಣ ಇಳಿಯಿತು. ಇನ್ನು ಒಂದು ಹೋಳು ಉಪ್ಪಿನಕಾಯಿಯೂ ಆ ಬಾಯಿಗೆ ಹೋಗುವಂತಿರಲಿಲ್ಲ. ಸಂಜೆ ಆಕೆ ಸೊಲ್ಲಾಪುರಕ್ಕೆ ಹೋಗಿಬಿಟ್ಟರೆ ರಾಜೇಸಾಬರ ಚೀಲಗಳು ಒಳಗೆ ಬರುತ್ತವೆ.

"ಕಾಕಾ," ಎಂದಳು ರಿಜವಾನಾ, ನನ್ನನ್ನು ಪಕ್ಕಕ್ಕೆ ಎಳೆದು. "ಸ್ಪ್ಯಾನಿಶ್ ಬಿಡ್ರಿ, ಕನ್ನಡದಾಗ ಖರೇ ಹೇಳ್ರಿ. ಆಕಿ ಉಂಡಾಳೋ ಇಲ್ಲೋ?"

"ಉಂಡಾಳವಾ. ಹೊಸಪೇಟ್ಯಾಗ, ಮುದ್ದೇಬಿಹಾಳದಾಗ, ಬಾಗೇವಾಡ್ಯಾಗ, ನಮ್ಮ ಮನ್ಯಾಗ."

"ಮತ್ತ ಇಲ್ಲ ಯಾಕಂದ್ಳು?"

"ಹೌದು ಅಂದಾಗೆಲ್ಲಾ ಬಡಿಸ್ಯಾರ. ಇಲ್ಲ ಅಂದ್ರರ ಬಿಡ್ತಾರೇನೋ ಅಂತ ನೋಡ್ಯಾಳ."

ರಿಜವಾನಾ ನಗಬೇಕೋ ಅಳಬೇಕೋ ತಿಳಿಯದೆ, ಎರಡನ್ನೂ ಮುಂದಕ್ಕೆ ಹಾಕಿ ಕೆಲಸಕ್ಕೆ ನಿಂತಳು. ಬಿರಿಯಾನಿಯ ತಾಟನ್ನು ಎತ್ತಿದಳು. "ಅಪ್ಪಾ, ಈ ಹಂಡೆ ತೋಟದ ಮಂದಿಗೆ ಕಳಸ್ರಿ, ಪೂರಾ. ಇಲ್ಲಿದ್ರ ವಾಸನಿಗೇ ಆಕಿಗೆ ಸಂಕಟ ಆಕ್ಕೈತಿ. ಮತ್ತ ಯಾರೂ ಆಕಿಗೆ ಏನೂ ಕೇಳಬ್ಯಾಡ್ರಿ. ಕಾಕಾ, ನೀವು ಅಂತೂ ಬಾಯಿ ತಗೀಬ್ಯಾಡ್ರಿ." ಪಿಲಾರಳ ಕೈ ಹಿಡಿದು ಷೆಡ್ಡಿಗೆ ಕರೆದುಕೊಂಡು ಹೋಗಿ, ಅಲ್ಲಿದ್ದ ಹೊರಸಿನ ಮೇಲೆ ಮಲಗಿಸಿ, ಫ್ಯಾನು ಹಾಕಿ, ಬಾಗಿಲು ಎಳೆದುಕೊಂಡಳು. ಹಂಡೆ ನನ್ನ ಮುಂದೆಯೇ ಹಾಯ್ದು ಹೋಯಿತು. ಡ್ರೈವರ್ ಅದರ ಹಿಂದೆಯೇ ಹೋದ.

ನಾವು ಮೂವರೂ ಹೊರಗಿನ ಕಟ್ಟೆಯ ಮೇಲೆ ಕೂತೆವು. ರಾಜೇಸಾಬರಿಗೂ ನೀಲವ್ವನಿಗೂ ವಿಷಯ ತಿಳಿಸಿದೆ. "ಹಂಗಾರ ನನ್ನ ಅಡಿಗಿ ಛಲೋ ಇತ್ತಿಲ್ಲೋ, ಅದಷ್ಟ ಹೇಳ್ರಿ," ಎಂದಳು. "ಛಲೋ ಇದ್ದಿದ್ದಕ್ಕ ಆಕಿಗೆ ಈ ಗತಿ ಬಂದೈತಿ," ಎಂದೆ. ಆಕೆ ಸಮಾಧಾನವಾದಳು. ರಾಜೇಸಾಬರು ಮಾತ್ರ ಷೆಡ್ಡಿನ ಗೋಡೆಯನ್ನೇ ಉದ್ದಕ್ಕೂ ಅಡ್ಡಕ್ಕೂ ನೋಡುತ್ತಿದ್ದರು. ಒಂದರ ಮೇಲೊಂದು ಎಷ್ಟು ಚೀಲ ಕೂತಾವು ಎಂದು ಕಣ್ಣಲ್ಲೇ ಅಳೆಯುತ್ತಿದ್ದರು ಎಂದು ನನ್ನ ಊಹೆ. ನಡುವೆ ಒಮ್ಮೆ ನನ್ನ ಕಡೆ ತಿರುಗಿದರು.

"ಮಾಸ್ತರ, ನೀವೂ ಮೂರೂ ಕಡಿ ಉಂಡಿರ್ತೀರಿ."

ನಾನು ಬಾಯಿ ತೆರೆದೆ. ಪದ್ಧತಿಯ ಮಾತು ತಾನಾಗಿಯೇ ಹೊರಬಿತ್ತು. "ಆಗೇತ್ರಿ."

"ಹಂಗಾರ ನಿಮಗ ಒತ್ತಾಯ ಮಾಡೂದಿಲ್ಲ," ಎಂದರು ರಾಜೇಸಾಬರು ಗಂಭೀರವಾಗಿ. "ಒತ್ತಾಯ ಮಾಡಿದ್ರ ಏನಾಕ್ಕೈತಿ ಅನ್ನೂದು ಇವತ್ತ ಕಣ್ಣಾರೆ ನೋಡೇನಿ." ಇಂಡಿಯಲ್ಲಿ ಮೊದಲನೆಯ ಮಾತಿಗೇ ಒಬ್ಬನನ್ನು ನಂಬಿದ್ದು ಅದೇ ಮೊದಲು ಎಂದು ತೋರುತ್ತದೆ.

ಬಿಸಿಲು ವಾಲಿದ ಮೇಲೆ ಷೆಡ್ಡಿನ ಬಾಗಿಲು ತೆರೆಯಿತು. ಇಬ್ಬರೂ ಹೆಂಗಸರು ಫೋನು ಕೈಯಲ್ಲಿ ಹಿಡಿದು ಲಿಂಬೆಯ ತೋಟದಲ್ಲಿ ಒಂದು ಸುತ್ತು ತಿರುಗಾಡಿ ಬಂದರು. ಪಿಲಾರಳ ಮುಖಕ್ಕೆ ರಕ್ತ ಬಂದಿತ್ತು. ಮೇಜಿನ ಮುಂದೆ ನಿಂತು ಮರದ ಚಮಚೆ ತೆಗೆದಳು. ಮೊದಲ ಬಾಟಲಿಗೆ ಹುಬ್ಬು ಗಂಟಿಕ್ಕಿದಳು. ಎರಡನೆಯದಕ್ಕೆ ನೀರು ಕುಡಿದಳು. ರಾಜೇಸಾಬರು ಟೋಪಿ ಸರಿಮಾಡಿಕೊಂಡರು. ರಿಜವಾನಾ ಮೇಜಿನ ಅಂಚು ಗಟ್ಟಿಯಾಗಿ ಹಿಡಿದಿದ್ದಳು. ಮೂರನೆಯದರ ಚಮಚೆ ಬಾಯಲ್ಲಿ ಇಟ್ಟವಳು ಹಾಗೇ ನಿಂತಳು. ಆಮೇಲೆ ಇನ್ನೊಂದು ಚಮಚೆ ತೆಗೆದು ಅದೇ ಬಾಟಲಿಗೆ ಹಾಕಿದಳು. ಮತ್ತೊಂದು. ಕೊನೆಗೆ ಆ ಬಾಟಲಿಯನ್ನು ಮೇಜಿನಿಂದ ಎತ್ತಿ ಎದೆಗೆ ಅವುಚಿಕೊಂಡಳು. ಉಳಿದೆರಡರ ರುಚಿ ನೋಡಿ, ಇವಕ್ಕೆ ಉಪ್ಪು ಕಡಿಮೆ ಮಾಡಿ ಕಳಿಸು ಎಂದು ಫೋನಿನಲ್ಲಿ ಬರೆದು ತೋರಿಸಿದಳು.

"ಪಾಸ್ ಅಂತೇನವಾ?" ಎಂದರು ರಾಜೇಸಾಬರು.

"ಪಾಸ್ ಅಪ್ಪಾ. ಚೀಲಕ್ಕ ಬ್ಯಾರೆ ಜಾಗಾ ನೋಡ್ಕೋರಿ," ಎಂದಳು ರಿಜವಾನಾ. ಆಮೇಲೆ ಒಳಗೆ ಹೋಗಿ, ಟೈಮ್ ಇಲ್ಲದಿದ್ದರೂ, ಸ್ವಲ್ಪ ಅತ್ತಳು.

ಹೊರಡುವ ಹೊತ್ತಾಯಿತು. ಪಿಲಾರ್ ಎಲ್ಲರ ಕೈ ಕುಲುಕಿ, ನೀಲವ್ವನನ್ನು ಅಪ್ಪಿಕೊಂಡು, ಕಾರಿನ ಬಾಗಿಲು ಹಿಡಿದಳು. ಏನೋ ಹೊಳೆದಂತೆ ತಿರುಗಿ ನನ್ನ ಮುಖವನ್ನೇ ನೋಡಿದಳು. ಮೂರು ಮನೆಗಳಲ್ಲಿ ನಾನು ಪಕ್ಕದಲ್ಲಿ ಬರಿಗೈಲಿ ನಿಂತದ್ದು ಆಗ ನೆನಪಾಗಿರಬೇಕು. "ಇ ಉಸ್ತೆದ್?" ಎಂದಳು ಮೆಲ್ಲಗೆ. "ಆ ಕೊಮಿದೊ ಉಸ್ತೆದ್?" ತಾವು? ತಾವು ಉಂಡಿದ್ದೀರಾ?

ಬೆಳಗಿನಿಂದ ಯಾರೂ ಈ ಪ್ರಶ್ನೆಯನ್ನು ಉತ್ತರ ತಿಳಿಯಲೆಂದು ನನಗೆ ಕೇಳಿರಲಿಲ್ಲ. ನಿಜ ಹೇಳಲು ಒಂದು 'ನೊ' ಸಾಕಾಗಿತ್ತು. ಅದನ್ನು ಎಲ್ಲಿಡಬೇಕು ಎಂಬುದೂ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲನೆಯ ಸಲಕ್ಕೇ ಉಂಡಿಲ್ಲ ಎನ್ನುವುದು ಹೇಗೆ? ನಾನು ಬೆನ್ನು ನೆಟ್ಟಗೆ ಮಾಡಿ, ಹಕಾರವನ್ನು ಶುದ್ಧವಾಗಿ ನುಂಗಿ, ಸಹಾಯಕವನ್ನೂ ಬಾಲವನ್ನೂ ಅವುಗಳ ಜಾಗದಲ್ಲಿಟ್ಟು ಹೇಳಿದೆ: "ಸೀ, ಸೆನ್ಯೋರಾ. ಎ ಕೊಮಿದೊ."

"ಮುಯ್ ಬಿಯೆನ್!" ಎಂದಳು. ಬಹಳ ಚೆನ್ನಾಯಿತು ಎಂದರ್ಥ. ನಾನು ಎರಡನೆಯ ಪ್ರಶ್ನೆಗೆ ಕಾದೆ. ಆಕೆ ಬಾಗಿಲು ಹಾಕಿಕೊಂಡಳು, ಕಾರು ಸೊಲ್ಲಾಪುರದ ಕಡೆ ಹೋಯಿತು. ಷೆಡ್ಡು ರಿಜವಾನಾಳಿಗೆ ಉಳಿಯಿತು. ನನಗೆ ಆ ದಿನ ಊಟ ಆಗಲಿಲ್ಲ.